ಗಾತ್ರ ನೋಡಿ ಕಟ್ಲ್‌ಫಿಶ್ ವಯಸ್ಸು ಹೇಳಬಹುದೇ? ತೊಟ್ಟಿಯಲ್ಲಿ ಬೆಳೆದ ಮರಿಗಳ ಲೆಕ್ಕ

ಗ್ರಂಥಿಗೆ ಅಂಗಡಿಗೆ ಹೋಗಿ ‘ಸಮುದ್ರದ ನೊರೆ’ ಕೊಡಿ ಎಂದರೆ ಬೆಳ್ಳಗಿರುವ, ಹಗುರವಾದ, ಪುಟ್ಟ ದೋಣಿಯಂಥ ಒಂದು ತುಂಡನ್ನು ಕೊಡುತ್ತಾರೆ. ಲವ್ ಬರ್ಡ್ಸ್ ಸಾಕುವವರು ಇದೇ ತುಂಡನ್ನು ಪಂಜರಕ್ಕೆ ಸಿಕ್ಕಿಸುತ್ತಾರೆ. ಉಗುರಿನಿಂದ ಕೆರೆದರೆ ಪುಡಿ ಉದುರುತ್ತದೆ, ನೀರಿಗೆ ಹಾಕಿದರೆ ತೇಲುತ್ತದೆ. ಸಂತೆಮರಹಳ್ಳಿಯಂಥ ಊರಿನವರು ಕಡಲು ನೋಡಬೇಕೆಂದರೆ ಗುಂಡ್ಲುಪೇಟೆ ದಾಟಿ, ವಯನಾಡಿನ ಘಟ್ಟ ಇಳಿದು ಕಲ್ಲಿಕೋಟೆ ಸೇರಬೇಕು. ಅಷ್ಟು ದೂರದ ಕಡಲಿನ ವಸ್ತುವಿನ ಬಗ್ಗೆ ಎರಡು ನಂಬಿಕೆಗಳು ಹುಟ್ಟಿಕೊಳ್ಳುವುದು ಸಹಜ. ಮೊದಲನೆಯದು, ಅಲೆಯ ನೊರೆ ಒಣಗಿ ಗಟ್ಟಿಯಾಗಿ ಇದು ಆಗುತ್ತದೆ ಎನ್ನುವುದು. ಇದು ಪ್ರಾಣಿಯ ಮೈಯೊಳಗಿನ ವಸ್ತು ಎಂದು ತಿಳಿದವರಲ್ಲಿ ಎರಡನೆಯದು ಕಾಣುತ್ತದೆ: ದೊಡ್ಡ ತುಂಡು ಎಂದರೆ ಮುದಿ ಪ್ರಾಣಿ, ಒಳಗಿನ ಪದರ ಎಣಿಸಿದರೆ ಮರದ ಉಂಗುರದಂತೆ ವಯಸ್ಸು ಸಿಗುತ್ತದೆ.

ಎರಡೂ ತಪ್ಪು. ಮೊದಲನೆಯದನ್ನು ಒಂದೇ ಮಾತಿನಲ್ಲಿ ಬಿಡಿಸಬಹುದು. ಎರಡನೆಯದು ಏಕೆ ತಪ್ಪು ಎಂದು ತಿಳಿಯಲು ಮಾತ್ರ ಮೊಟ್ಟೆಯಿಂದ ಈಗಷ್ಟೇ ಹೊರಬಂದ ಮರಿಗಳನ್ನು ತೊಟ್ಟಿಯಲ್ಲಿ ಸಾಕಿ, ತಿಂಗಳುಗಟ್ಟಲೆ ಅಳೆದು, ತೂಗಿ ನೋಡಬೇಕಾಯಿತು. ಆ ಲೆಕ್ಕಕ್ಕೂ ಮಲ್ಪೆ, ಮಂಗಳೂರಿನ ಮೀನುಗಾರರ ನಡುವಿನ ಒಂದು ಜಗಳಕ್ಕೂ ನೇರ ಸಂಬಂಧ ಇದೆ.

ನೊರೆಯೂ ಅಲ್ಲ, ಮೀನೂ ಅಲ್ಲ

ಆ ಬಿಳಿ ತುಂಡು ಕಟ್ಲ್‌ಫಿಶ್ ಎಂಬ ಪ್ರಾಣಿಯ ಬೆನ್ನಿನೊಳಗೆ ಇರುವ ಚಿಪ್ಪು. ಹೆಸರಿನಲ್ಲಿ ಫಿಶ್ ಎಂದಿದ್ದರೂ ಇದು ಮೀನಲ್ಲ. ಆಕ್ಟೋಪಸ್ ಮತ್ತು ಸ್ಕ್ವಿಡ್‌ಗಳ ಹತ್ತಿರದ ನೆಂಟ. ಬಸವನಹುಳು, ಕಪ್ಪೆಚಿಪ್ಪುಗಳೂ ಸೇರುವ ಮೃದ್ವಂಗಿಗಳ ಗುಂಪಿನದು. ನಮ್ಮ ಕರಾವಳಿಯಲ್ಲಿ ಸ್ಕ್ವಿಡ್‌ಗೆ ಬೊಂಡಾಸ್ ಎನ್ನುತ್ತಾರೆ, ಕಟ್ಲ್‌ಫಿಶ್‌ಗೆ ಕಪ್ಪೆ ಬೊಂಡಾಸ್ ಎನ್ನುತ್ತಾರೆ. ಬಸವನಹುಳು ಚಿಪ್ಪನ್ನು ಹೊರಗೆ ಹೊತ್ತರೆ ಇದು ಒಳಗೆ ಇಟ್ಟುಕೊಂಡಿದೆ.

ಚಿಪ್ಪು ಬಹುಪಾಲು ಕ್ಯಾಲ್ಸಿಯಂ ಕಾರ್ಬೊನೇಟ್, ಅಂದರೆ ಸುಣ್ಣದ ಕಲ್ಲಿನಲ್ಲಿರುವ ವಸ್ತುವೇ. ಅದರೊಳಗೆ ಒಂದರ ಮೇಲೊಂದು ಜೋಡಿಸಿದ ತೆಳುವಾದ ಕೋಣೆಗಳಿವೆ. ಆ ಕೋಣೆಗಳಲ್ಲಿ ಎಷ್ಟು ದ್ರವ, ಎಷ್ಟು ಅನಿಲ ಇರಬೇಕು ಎಂಬುದನ್ನು ಹೊಂದಿಸಿಕೊಂಡು ಪ್ರಾಣಿ ನೀರಿನಲ್ಲಿ ಮುಳುಗದೆ, ಮೇಲಕ್ಕೂ ಚಿಮ್ಮದೆ ನಿಲ್ಲುತ್ತದೆ. ಇಂಗ್ಲೆಂಡಿನ ಪ್ಲಿಮತ್‌ನಲ್ಲಿ ಡೆಂಟನ್ ಮತ್ತು ಗಿಲ್ಪಿನ್-ಬ್ರೌನ್ ಎಂಬ ವಿಜ್ಞಾನಿಗಳು ಇದನ್ನು 1961ರಲ್ಲಿ ವಿವರಿಸಿದರು. ಪ್ರಾಣಿ ಸತ್ತ ಮೇಲೆ ಮೈ ಕೊಳೆತು ಹೋಗುತ್ತದೆ, ಗಾಳಿ ತುಂಬಿದ ಚಿಪ್ಪು ತೇಲುತ್ತಾ ದಡಕ್ಕೆ ಬರುತ್ತದೆ. ನೊರೆಯ ಜೊತೆಗೇ ದಡ ಸೇರುವುದರಿಂದ ಆ ಹೆಸರು ಬಂದಿದ್ದರೆ ಆಶ್ಚರ್ಯವಿಲ್ಲ.

ಇಲ್ಲಿ ಒಂದು ಎಚ್ಚರಿಕೆ. ಕಿವಿ ಸೋರುವ ಮಕ್ಕಳಿಗೆ ಈ ಪುಡಿಯನ್ನು ಕಿವಿಯೊಳಗೆ ಹಾಕುವ ರೂಢಿ ಕೆಲವೆಡೆ ಇದೆ. ಕೀವು ಸೋರುವ ಕಿವಿಯ ತಮಟೆಯಲ್ಲಿ ರಂಧ್ರ ಇರಬಹುದು. ಪುಡಿ ಒಳಗೆ ಹೆಪ್ಪುಗಟ್ಟಿದರೆ ವೈದ್ಯರಿಗೆ ಪರೀಕ್ಷೆ ಮಾಡುವುದೂ ಕಷ್ಟವಾಗುತ್ತದೆ. ಕಿವಿ ಸೋರಿದರೆ ಮಗುವನ್ನು ಕಿವಿ, ಮೂಗು, ಗಂಟಲು ತಜ್ಞರಿಗೆ ತೋರಿಸಿ.

ದಡದಲ್ಲಿ ನಿಂತು ವಯಸ್ಸು ಹೇಳುವುದು ಏಕೆ ಕಷ್ಟ?

ಬಂದರಿಗೆ ಬಂದ ಕಟ್ಲ್‌ಫಿಶ್‌ಗಳನ್ನು ಸಾಲಾಗಿ ಇಟ್ಟರೆ ಅಂಗೈ ಅಗಲದವೂ ಇರುತ್ತವೆ, ಮೊಳದುದ್ದದವೂ ಇರುತ್ತವೆ. ಚಿಕ್ಕದು ಈ ವರ್ಷದ್ದು, ದೊಡ್ಡದು ಹೋದ ವರ್ಷದ್ದು ಅಥವಾ ಅದಕ್ಕೂ ಹಿಂದಿನದು ಎನ್ನುವುದು ಮೊದಲು ಹೊಳೆಯುವ ಉತ್ತರ. ಹಸುವಿನ ಕರು, ತೆಂಗಿನ ಸಸಿ ನೋಡಿ ಬೆಳೆದ ನಮಗೆ ಗಾತ್ರ ಮತ್ತು ವಯಸ್ಸು ಜೊತೆಜೊತೆಗೇ ಹೋಗುತ್ತವೆ ಎನಿಸುತ್ತದೆ.

ಈ ಊಹೆ ಸರಿಯೋ ಇಲ್ಲವೋ ಎಂದು ನೋಡಲು ಒಂದೇ ನಂಬಬಹುದಾದ ದಾರಿ: ಹುಟ್ಟಿದ ದಿನಾಂಕ ಗೊತ್ತಿರುವ ಮರಿಗಳನ್ನು ಸಾಕುವುದು. ಭಾರತದ ಪಶ್ಚಿಮ ಕರಾವಳಿಯಲ್ಲಿ ಹೆಚ್ಚಾಗಿ ಸಿಗುವ ಕಟ್ಲ್‌ಫಿಶ್‌ನ ವೈಜ್ಞಾನಿಕ ಹೆಸರು ಸೀಪಿಯಾ ಫರೋನಿಸ್. ಕೊಚ್ಚಿಯಲ್ಲಿ ಕೇಂದ್ರ ಕಚೇರಿ ಇರುವ ಕೇಂದ್ರೀಯ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆ, ಅಂದರೆ ಸಿಎಂಎಫ್‌ಆರ್‌ಐ, ಕೇರಳದ ವಿಳಿಂಜಂನಲ್ಲಿ ಈ ಜಾತಿಯ ಮೊಟ್ಟೆಗಳನ್ನು ಕಡಲಿನಿಂದ ತಂದು, ಮರಿ ಮಾಡಿಸಿ, ತೊಟ್ಟಿಯಲ್ಲಿ ಬೆಳೆಸಿತು. ಆ ಕೆಲಸದ ವರದಿ 2005ರಲ್ಲಿ ಪ್ರಕಟವಾಯಿತು. ಥಾಯ್ಲೆಂಡ್‌ನಲ್ಲೂ ಅಮೆರಿಕದ ಟೆಕ್ಸಾಸ್‌ನಲ್ಲೂ ಇದೇ ಜಾತಿಯನ್ನು ಸಾಕಿದ್ದಾರೆ. ಯುರೋಪಿನ ಕಟ್ಲ್‌ಫಿಶ್ ಆದ ಸೀಪಿಯಾ ಅಫಿಸಿನಾಲಿಸ್ ಅನ್ನು ಪ್ರಯೋಗಾಲಯದಲ್ಲಿ ಸತತ ಏಳು ತಲೆಮಾರು ಬೆಳೆಸಿದ ವರದಿ 1994ರಲ್ಲಿ ಬಂತು.

ಮೊದಲ ದಿನಗಳು

ಫರೋನಿಸ್‌ನ ಮೊಟ್ಟೆ ಬೆಳ್ಳಗೆ, ಒಂದು ತುದಿ ಚೂಪಾಗಿ ಇರುತ್ತದೆ. ತಾಯಿ ಅವನ್ನು ಒಂದೊಂದಾಗಿ ಗಟ್ಟಿ ಆಸರೆಗೆ ಅಂಟಿಸಿ ಗೊಂಚಲು ಮಾಡುತ್ತದೆ. ನೀರು 28 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿದ್ದರೆ ಸುಮಾರು ಎರಡು ವಾರದಲ್ಲಿ ಮರಿ ಹೊರಬರುತ್ತದೆ. ಯುರೋಪಿನ ಜಾತಿಯ ಮೊಟ್ಟೆಗೆ 20 ಡಿಗ್ರಿಯಲ್ಲಿ ಸುಮಾರು ಒಂದೂವರೆ ತಿಂಗಳು, 15 ಡಿಗ್ರಿಯಲ್ಲಿ ಸುಮಾರು ಮೂರು ತಿಂಗಳು ಬೇಕು. ಅಂದರೆ ನೀರಿನ ಬಿಸಿ ಮೊಟ್ಟೆಯ ಹಂತದಿಂದಲೇ ಕೆಲಸ ಶುರು ಮಾಡುತ್ತದೆ.

ಸಿಗಡಿ ಅಥವಾ ಬಹುತೇಕ ಮೀನುಗಳ ಮರಿ ಮೊದಲು ತಾಯಿಯ ರೂಪದಲ್ಲಿ ಇರುವುದಿಲ್ಲ. ಕಟ್ಲ್‌ಫಿಶ್ ಮರಿ ಹಾಗಲ್ಲ. ಸುಮಾರು 6 ಮಿಲಿಮೀಟರ್ ಉದ್ದದ ಮೈ, ಎಂಟು ತೋಳು, ಬೇಟೆಗೆ ಚಿಮ್ಮಿಸುವ ಎರಡು ಉದ್ದನೆಯ ತೋಳು, ಬಣ್ಣ ಬದಲಿಸುವ ಚರ್ಮ, ಮಸಿ ಚೀಲ, ಬೆನ್ನಿನಲ್ಲಿ ಆಗಲೇ ಕೆಲವು ಪದರ ಕಟ್ಟಿಕೊಂಡ ಚಿಪ್ಪು, ಎಲ್ಲವನ್ನೂ ಹೊತ್ತು ಪೂರ್ತಿ ಕಟ್ಲ್‌ಫಿಶ್ ಆಗಿಯೇ ಹುಟ್ಟುತ್ತದೆ. ಮೊಟ್ಟೆಯೊಳಗೆ ಇದ್ದಾಗಲೇ ಅದಕ್ಕೆ ಹೊರಗಿನದು ಕಾಣುತ್ತದೆ. ಹುಟ್ಟುವ ಮೊದಲು ಏಡಿಗಳನ್ನು ಕಂಡ ಮರಿಗಳು ಹುಟ್ಟಿದ ಮೇಲೆ ಏಡಿಯನ್ನೇ ಹೆಚ್ಚು ಇಷ್ಟಪಟ್ಟವು ಎಂದು ಫ್ರಾನ್ಸ್‌ನ ಸಂಶೋಧಕರು 2008ರಲ್ಲಿ ತೋರಿಸಿದರು.

ಹುಟ್ಟುವಾಗ ಒಳಗೆ ಸ್ವಲ್ಪ ಭಂಡಾರ ಉಳಿದಿರುತ್ತದೆ. ಅದು ಕೆಲವೇ ದಿನಕ್ಕೆ ಸಾಕು. ಆಮೇಲೆ ಬೇಟೆ ಆಗಲೇಬೇಕು, ಅದೂ ಜೀವಂತ, ಅಲುಗಾಡುವ ಬೇಟೆ. ತೊಟ್ಟಿಯಲ್ಲಿ ಸಾಕುವವರಿಗೆ ನಿಜವಾದ ಕಷ್ಟ ಇಲ್ಲಿದೆ. ಆರ್ಟೀಮಿಯಾ ಎಂಬ ಉಪ್ಪುನೀರಿನ ಪುಟ್ಟ ಜೀವಿಯನ್ನು ಬೇಕಾದಾಗ ಮೊಟ್ಟೆಯಿಂದ ಮರಿ ಮಾಡಿಸಿ ಕೊಡಬಹುದು, ಕೆಲಸ ಸುಲಭ. ಆದರೆ ಯುರೋಪಿನ ಜಾತಿಯ ಮರಿಗಳ ಮೇಲೆ ನಡೆದ ಹೋಲಿಕೆಯಲ್ಲಿ, ಸಿಗಡಿಯಂತೆಯೇ ಕಾಣುವ ಮೈಸಿಡ್ ಎಂಬ ಸಣ್ಣ ಜೀವಿಗಳನ್ನು ತಿಂದ ಮರಿಗಳು ಆರ್ಟೀಮಿಯಾ ತಿಂದವುಗಳಿಗಿಂತ ಚೆನ್ನಾಗಿ ಬೆಳೆದವು, ಹೆಚ್ಚು ಉಳಿದವು. ಹೊಟ್ಟೆ ತುಂಬುವುದು ಬೇರೆ, ಮೈ ಕಟ್ಟುವ ಆಹಾರ ಸಿಗುವುದು ಬೇರೆ.

ಚಾಕಿ ಹುಳು ಸಾಕಿದವರಿಗೆ ಇದು ಹೊಸದಲ್ಲ

ಸಂತೆಮರಹಳ್ಳಿ, ಕೊಳ್ಳೇಗಾಲದ ಸುತ್ತ ರೇಷ್ಮೆ ಬೆಳೆಯುವವರಿಗೆ ಮೇಲಿನ ಮಾತು ಬೇಗ ಅರ್ಥವಾಗುತ್ತದೆ. ಮೊಟ್ಟೆ ಒಡೆದು ಬಂದ ಹುಳುವಿಗೆ ಬಲಿತ ಎಲೆ ಹಾಕಿದರೆ ಆಗುವುದಿಲ್ಲ. ಕುಡಿಯ ಎಳೆ ಎಲೆಯನ್ನು ಸಣ್ಣಗೆ ಕತ್ತರಿಸಿ ಕೊಡಬೇಕು. ಎರಡನೇ ಜ್ವರದವರೆಗಿನ ಚಾಕಿ ಹಂತದಲ್ಲಿ 27–28 ಡಿಗ್ರಿ ಬಿಸಿಯನ್ನೂ ಸಾಕಷ್ಟು ತೇವವನ್ನೂ ಕಾಯ್ದುಕೊಳ್ಳಬೇಕು. ಅದಕ್ಕೇ ಬಹಳ ರೈತರು ಮೊಟ್ಟೆ ತಂದು ತಾವೇ ಚಾಕಿ ಮಾಡುವ ಬದಲು ಚಾಕಿ ಕೇಂದ್ರದಿಂದ ಹುಳು ತರುತ್ತಾರೆ. ಚಾಕಿ ಕೆಟ್ಟರೆ ಆಮೇಲೆ ಎಷ್ಟು ಸೊಪ್ಪು ಹಾಕಿದರೂ ಗೂಡಿನಲ್ಲಿ ಅದು ಕಾಣುತ್ತದೆ.

ರೇಷ್ಮೆ ಹುಳು ಸುಮಾರು 25 ದಿನದಲ್ಲಿ ಹುಟ್ಟಿದಾಗಿನ ತೂಕದ ಸುಮಾರು 10,000 ಪಟ್ಟು ಆಗುತ್ತದೆ. ಕಟ್ಲ್‌ಫಿಶ್ ಅಷ್ಟು ಅವಸರದ್ದಲ್ಲ, ಆದರೂ ಕಡಿಮೆಯೇನಲ್ಲ. ವಿಳಿಂಜಂನ ತೊಟ್ಟಿಗಳಲ್ಲಿ ಮರಿಗಳು ಏಳೆಂಟು ತಿಂಗಳಲ್ಲಿ ಸರಾಸರಿ ಅರ್ಧ ಕೆ.ಜಿ. ಆಸುಪಾಸು ತೂಗಿದವು. ಹುಟ್ಟಿದಾಗ ಒಂದು ಗ್ರಾಂನ ಹತ್ತನೇ ಒಂದು ಭಾಗದಷ್ಟಿತ್ತು ಎಂದು ಇಟ್ಟುಕೊಂಡರೂ ಇದು ಸುಮಾರು 5,000 ಪಟ್ಟು.

ಒಂದು ವ್ಯತ್ಯಾಸ ಮಾತ್ರ ದೊಡ್ಡದು. ರೇಷ್ಮೆ ಹುಳು ಜ್ವರಕ್ಕೆ ಕೂತಾಗ ತಿನ್ನುವುದನ್ನು ನಿಲ್ಲಿಸುತ್ತದೆ, ಪೊರೆ ಕಳಚಿ ಮತ್ತೆ ತಿನ್ನುತ್ತದೆ. ಹಾಗಾಗಿ ಎಷ್ಟನೇ ಜ್ವರ ಎಂದು ನೋಡಿ ಹುಳುವಿನ ವಯಸ್ಸು ಹೇಳಬಹುದು. ಕಟ್ಲ್‌ಫಿಶ್‌ಗೆ ಜ್ವರವೂ ಇಲ್ಲ, ಪೊರೆಯೂ ಇಲ್ಲ. ಅದರ ಬೆಳವಣಿಗೆಯಲ್ಲಿ ಹೊರಗಿನಿಂದ ಎಣಿಸಬಹುದಾದ ಮೆಟ್ಟಿಲುಗಳಿಲ್ಲ.

ಚಕ್ರಬಡ್ಡಿಯ ಲೆಕ್ಕ

ತೊಟ್ಟಿಯ ಮರಿಗಳನ್ನು ತೂಗಿ ನೋಡಿದಾಗ ಬೆಳವಣಿಗೆಗೆ ಎರಡು ಹಂತಗಳಿರುವುದು ಕಾಣುತ್ತದೆ. ಮೊದಲ ಹಂತದಲ್ಲಿ ಪ್ರತಿದಿನ ಆಗುವ ಹೆಚ್ಚಳ ಅವತ್ತಿನ ತೂಕದ ಇಂತಿಷ್ಟು ಶೇಕಡಾ ಎಂಬಂತಿರುತ್ತದೆ. ಇದು ಚಕ್ರಬಡ್ಡಿ. ಎರಡನೆಯ ಹಂತದಲ್ಲಿ ತೂಕ ಏರುತ್ತಲೇ ಇದ್ದರೂ ಬಡ್ಡಿದರ ಇಳಿಯುತ್ತಾ ಹೋಗುತ್ತದೆ. ಮೊಟ್ಟೆ ಮತ್ತು ವೀರ್ಯ ಸಿದ್ಧವಾಗುವ ಕಾಲಕ್ಕೆ ತಿಂದದ್ದರಲ್ಲಿ ಒಂದು ಪಾಲು ಅತ್ತ ಹೋಗುತ್ತದೆ.

ಚಕ್ರಬಡ್ಡಿಯ ಹಂತದಲ್ಲಿ ಚಿಕ್ಕ ವ್ಯತ್ಯಾಸ ಏನು ಮಾಡುತ್ತದೆ ಎಂದು ನಾವೇ ಲೆಕ್ಕ ಹಾಕಿ ನೋಡೋಣ. 0.1 ಗ್ರಾಂ ತೂಕದ ಮೂರು ಮರಿಗಳು ಒಂದೇ ದಿನ ಹುಟ್ಟಿದವು ಎಂದುಕೊಳ್ಳಿ. ಮೊದಲನೆಯದು ದಿನಕ್ಕೆ ಶೇ 6, ಎರಡನೆಯದು ಶೇ 7, ಮೂರನೆಯದು ಶೇ 8ರಂತೆ 60 ದಿನ ಬೆಳೆಯುತ್ತದೆ.

ಶೇ 6ರ ಮರಿ 33 ಪಟ್ಟಾಗಿ 3.3 ಗ್ರಾಂ ತೂಗುತ್ತದೆ.
ಶೇ 7ರ ಮರಿ 58 ಪಟ್ಟಾಗಿ 5.8 ಗ್ರಾಂ ತೂಗುತ್ತದೆ.
ಶೇ 8ರ ಮರಿ 101 ಪಟ್ಟಾಗಿ ಸುಮಾರು 10 ಗ್ರಾಂ ತೂಗುತ್ತದೆ.

ದಿನದ ಲೆಕ್ಕದಲ್ಲಿ ಒಂದೆರಡು ಶೇಕಡಾ ವ್ಯತ್ಯಾಸ, ಎರಡು ತಿಂಗಳ ಕೊನೆಗೆ ಮೂರು ಪಟ್ಟು ಅಂತರ. ಈ ಒಂದೆರಡು ಶೇಕಡಾ ಎಲ್ಲಿಂದ ಬರುತ್ತದೆ? ಮುಖ್ಯವಾಗಿ ಎರಡು ಕಡೆಯಿಂದ. ಒಂದು ಆಹಾರ: ಮೊದಲ ವಾರಗಳಲ್ಲಿ ಸರಿಯಾದ ಬೇಟೆ ಸಿಕ್ಕಿತೋ ಇಲ್ಲವೋ. ಇನ್ನೊಂದು ನೀರಿನ ಬಿಸಿ: ಒಂದು ಮಿತಿಯವರೆಗೆ ನೀರು ಬೆಚ್ಚಗಿದ್ದಷ್ಟೂ ಮರಿ ಹೆಚ್ಚು ತಿನ್ನುತ್ತದೆ, ಬೇಗ ಬೆಳೆಯುತ್ತದೆ. ಮರಿಯ ಮೊದಲ ವಾರಗಳಲ್ಲಿ ನೀರಿನ ಬಿಸಿ ಸ್ವಲ್ಪವೇ ಬದಲಾದರೂ ಮುಂದಿನ ಗಾತ್ರದಲ್ಲಿ ದೊಡ್ಡ ವ್ಯತ್ಯಾಸ ಆಗುತ್ತದೆ ಎಂಬ ವಾದವನ್ನು ಜಾನ್ ಫೋರ್ಸೈತ್ ಎಂಬ ವಿಜ್ಞಾನಿ 1993ರಲ್ಲಿ ಮಂಡಿಸಿದರು.

ಆದರೆ ಬೆಚ್ಚಗಿನ ನೀರಿನಲ್ಲಿ ಬೇಗ ಬೆಳೆದದ್ದು ಬೇಗ ಪ್ರಾಯಕ್ಕೂ ಬರುತ್ತದೆ, ಬೇಗ ಸಾಯುತ್ತದೆ. ಇಂಗ್ಲಿಷ್ ಕಾಲುವೆಯ ತಣ್ಣೀರಿನಲ್ಲಿ ಯುರೋಪಿನ ಜಾತಿ ಸುಮಾರು ಎರಡು ವರ್ಷ ಬದುಕುತ್ತದೆ. ಅದೇ ಜಾತಿಯನ್ನು ಬೆಚ್ಚಗಿನ ತೊಟ್ಟಿಯಲ್ಲಿ ಇಟ್ಟರೆ ಒಂದು ವರ್ಷದೊಳಗೇ ಬದುಕು ಮುಗಿಯುತ್ತದೆ. ನಮ್ಮ ಫರೋನಿಸ್ ಕೂಡ ಸಾಕಣೆಯಲ್ಲಿ ಬದುಕುವುದು ಸುಮಾರು ಒಂದು ವರ್ಷದೊಳಗೆ. ಮೊಳದುದ್ದದ ಪ್ರಾಣಿ ಎಂದರೆ ಹಲವು ವರ್ಷದ ಮುದುಕ ಎಂಬ ಊಹೆ ಇಲ್ಲಿಗೆ ಬಿದ್ದುಹೋಗುತ್ತದೆ.

ಸರಾಸರಿ ನಂಬುವ ಮುನ್ನ

ತೊಟ್ಟಿಯ ಅಂಕಿಗಳನ್ನೂ ಎಚ್ಚರಿಕೆಯಿಂದ ಓದಬೇಕು. 100 ಮರಿ ಬಿಟ್ಟ ತೊಟ್ಟಿಯಲ್ಲಿ ಮೊದಲ ತಿಂಗಳು 30 ಸತ್ತವು, ಸತ್ತವೆಲ್ಲ ಸಣಕಲು ಮರಿಗಳು ಎಂದುಕೊಳ್ಳಿ. ಉಳಿದ 70ರ ಸರಾಸರಿ ತೂಕ ಏರುತ್ತದೆ. ಅದರಲ್ಲಿ ನಿಜವಾದ ಬೆಳವಣಿಗೆ ಒಂದಷ್ಟು, ಸಣ್ಣವು ಲೆಕ್ಕದಿಂದ ಹೊರಗೆ ಹೋದದ್ದರ ಫಲ ಒಂದಷ್ಟು. ಹಸಿದಾಗ ದೊಡ್ಡವು ಚಿಕ್ಕವನ್ನು ತಿನ್ನುವುದೂ ಉಂಟು. ಹಾಗಾಗಿ ಎಷ್ಟು ಉಳಿದವು ಎಂದು ಹೇಳದೆ ಸರಾಸರಿ ತೂಕವನ್ನು ಮಾತ್ರ ಕೊಟ್ಟರೆ ಲೆಕ್ಕ ಅರ್ಧ.

ಉದ್ದ ಮತ್ತು ತೂಕವನ್ನೂ ಬೆರೆಸಬಾರದು. ಉದ್ದ ಎರಡು ಪಟ್ಟಾದರೆ ತೂಕ ಎರಡು ಪಟ್ಟಾಗುವುದಿಲ್ಲ, ಆರೇಳು ಪಟ್ಟಾಗುತ್ತದೆ. ‘ಮರಿ ಸ್ವಲ್ಪವೇ ಉದ್ದವಾಗಿದೆ’ ಎಂದು ಕಂಡಾಗಲೂ ಮೈಯಲ್ಲಿ ಬಹಳ ಮಾಂಸ ಕೂಡಿರಬಹುದು.

ತೊಟ್ಟಿಯ ಬೆಳವಣಿಗೆಯೇ ಕಡಲಿನ ಬೆಳವಣಿಗೆಯೂ ಅಲ್ಲ. ತೊಟ್ಟಿಯಲ್ಲಿ ಶತ್ರುಗಳಿಲ್ಲ, ಊಟ ಹುಡುಕಿಕೊಂಡು ಬರುತ್ತದೆ. ಆದರೆ ಬೆದರಿದ ಮರಿ ಹಿಂದಕ್ಕೆ ಚಿಮ್ಮಿ ಗೋಡೆಗೆ ಬಡಿದು ಗಾಯ ಮಾಡಿಕೊಳ್ಳುತ್ತದೆ, ಕಾರಿದ ಮಸಿ ನೀರು ಕೆಡಿಸುತ್ತದೆ. ತೊಟ್ಟಿ ನಮಗೆ ಖಚಿತವಾಗಿ ಕೊಡುವುದು ಹುಟ್ಟಿದ ದಿನಾಂಕ, ಬೆಳವಣಿಗೆಯ ವೇಗ ಯಾವುದರಿಂದ ಬದಲಾಗುತ್ತದೆ ಎಂಬ ತಿಳಿವಳಿಕೆ ಮತ್ತು ಆಯಸ್ಸಿನ ಅಂದಾಜು.

ಹಾಗಾದರೆ ಚಿಪ್ಪಿನ ಪದರಗಳು?

ಚಿಪ್ಪನ್ನು ಅಡ್ಡಲಾಗಿ ಮುರಿದರೆ ತೆಳು ಗೆರೆಗಳು ಕಾಣುತ್ತವೆ. ಪ್ರಾಣಿ ಬೆಳೆದಂತೆ ಪದರ ಕೂಡುವುದು ನಿಜ. ಆದರೆ ವರ್ಷಕ್ಕೊಂದೂ ಅಲ್ಲ, ದಿನಕ್ಕೊಂದೂ ಅಲ್ಲ. ದಿನಾಂಕ ಗೊತ್ತಿದ್ದ ಮರಿಗಳ ಚಿಪ್ಪುಗಳನ್ನು ಹೋಲಿಸಿದಾಗ ಪದರ ಕೂಡುವ ವೇಗ ಬಿಸಿ ಮತ್ತು ಆಹಾರಕ್ಕೆ ತಕ್ಕಂತೆ ಬದಲಾಗುವುದು ಕಂಡಿದೆ. ಹೊಟ್ಟೆಗಿಲ್ಲದ ಕಾಲದಲ್ಲಿ ಕಟ್ಟಿದ ಪದರಗಳು ಒತ್ತೊತ್ತಾಗಿರುತ್ತವೆ. ಆದ್ದರಿಂದ ಗ್ರಂಥಿಗೆ ಅಂಗಡಿಯ ತುಂಡಿನಲ್ಲಿ ಪದರಗಳು ಎಲ್ಲಾದರೂ ಇಕ್ಕಟ್ಟಾಗಿ ಕಂಡರೆ ಆ ಪ್ರಾಣಿಗೆ ಅದು ಬಿಗಿಯ ಕಾಲವಾಗಿದ್ದಿರಬಹುದು. ಎಷ್ಟು ದಿನದ್ದು ಎಂದು ಅದರಿಂದ ಹೇಳಲಾಗದು.

ಮಲ್ಪೆ, ಮಂಗಳೂರಿನಲ್ಲಿ ಇದು ಏಕೆ ಮುಖ್ಯ?

ಕಟ್ಲ್‌ಫಿಶ್ ಹೊರದೇಶಕ್ಕೆ ಹೋಗುವ ಸರಕು, ಒಳ್ಳೆಯ ಬೆಲೆ ಇದೆ. ಕರ್ನಾಟಕದ ಕರಾವಳಿಯಲ್ಲಿ ಇದನ್ನು ಹಿಡಿಯುವ ಒಂದು ವಿಧಾನದಲ್ಲಿ ತೆಂಗಿನ ಒಣ ಹೊಂಬಾಳೆಗಳನ್ನು ಕಟ್ಟುಕಟ್ಟಿ, ಹಗ್ಗ ಮತ್ತು ಮರಳಿನ ಚೀಲದ ಭಾರದೊಂದಿಗೆ ಕಡಲಿಗೆ ಇಳಿಸುತ್ತಾರೆ. ತಮಿಳುನಾಡಿನಿಂದ ಬರುವ ಮೀನುಗಾರರು ಇದರಲ್ಲಿ ನಿಪುಣರು. ಮೊಟ್ಟೆ ಅಂಟಿಸಲು ಗಟ್ಟಿ ಆಸರೆ ಹುಡುಕುವ ಕಟ್ಲ್‌ಫಿಶ್‌ಗಳು ಹೊಂಬಾಳೆಯ ಸುತ್ತ ಸೇರುತ್ತವೆ, ಆಗ ಗಾಳ ಹಾಕಿ ಹಿಡಿಯುತ್ತಾರೆ. ಹೀಗೆ ಸಿಗುವುದು ಹೆಚ್ಚಾಗಿ ದೊಡ್ಡ, ಮೊಟ್ಟೆಯಿಡಲು ಬಂದ ಪ್ರಾಣಿಗಳು ಎಂದು ಸಿಎಂಎಫ್‌ಆರ್‌ಐನ ಮಂಗಳೂರು ಕೇಂದ್ರದ ಅಧ್ಯಯನಗಳು ದಾಖಲಿಸಿವೆ. ಹೊಂಬಾಳೆ ತಮ್ಮ ಬಲೆಗೆ ಸಿಕ್ಕಿ ಹಾನಿಯಾಗುತ್ತದೆ, ತಾಯಿ ಪ್ರಾಣಿಗಳನ್ನೇ ಬಾಚಿದರೆ ನಾಳೆಗೆ ಏನೂ ಉಳಿಯುವುದಿಲ್ಲ ಎನ್ನುವುದು ಟ್ರಾಲ್ ದೋಣಿಯವರ ತಕರಾರು. ಗಾಳದವರ ಮಾತಿನಲ್ಲೂ ಹುರುಳಿಲ್ಲದೆ ಇಲ್ಲ: ಟ್ರಾಲ್ ಬಲೆ ತಳವನ್ನು ಗುಡಿಸುತ್ತದೆ, ಮರಿಗಳನ್ನೂ ಬಿಡುವುದಿಲ್ಲ.

ಯಾರ ಮಾತಿಗೆ ಎಷ್ಟು ತೂಕ ಕೊಡಬೇಕು ಎಂದು ತೀರ್ಮಾನಿಸುವಾಗ ತೊಟ್ಟಿಯ ಲೆಕ್ಕ ಕೆಲಸಕ್ಕೆ ಬರುತ್ತದೆ. ಗಾತ್ರವೇ ವಯಸ್ಸು ಎಂದುಕೊಂಡರೆ ಕಡಲಿನಲ್ಲಿ ಈ ವರ್ಷದ್ದು, ಹೋದ ವರ್ಷದ್ದು, ಅದರ ಹಿಂದಿನದು ಎಂದು ಹಲವು ವಯಸ್ಸಿನ ತಾಯಂದಿರು ಇದ್ದಾರೆ, ಒಂದು ವರ್ಷ ಕೆಟ್ಟರೂ ಉಳಿದವು ಸಂತತಿ ಕಾಯುತ್ತವೆ ಎಂಬ ಧೈರ್ಯ ಬರುತ್ತದೆ. ನಿಜದಲ್ಲಿ ಹಾಗೆ ಕೂಡಿಟ್ಟ ಗಂಟು ಇಲ್ಲ. ಇವತ್ತು ಮೊಟ್ಟೆ ಇಡುತ್ತಿರುವವು ಬಹುಪಾಲು ಹೆಚ್ಚುಕಡಿಮೆ ಒಂದು ವರ್ಷದ ಹಿಂದಿನ ಮರಿಗಳು. ಮೊಟ್ಟೆಯಿಟ್ಟ ಮೇಲೆ ತಾಯಿ ಸಾಯುತ್ತದೆ. ಬೂತಾಯಿಯಂಥ ಮೀನು ಹತ್ತಾರು ಸಾವಿರ ಮೊಟ್ಟೆ ಇಡುತ್ತದೆ, ಕಟ್ಲ್‌ಫಿಶ್ ಇಡುವುದು ಕೆಲವು ನೂರರಿಂದ ಸಾವಿರದ ಆಸುಪಾಸು.

ಇದರ ಇನ್ನೊಂದು ಮುಖವೂ ಇದೆ. ಬೇಗ ಬೆಳೆಯುವ ಪ್ರಾಣಿ ಬೇಗ ಚೇತರಿಸಿಕೊಳ್ಳಬಲ್ಲದು. ಒಂದು ಋತುವಿನ ಮೊಟ್ಟೆಗಳು ಉಳಿದು, ಮರಿಗಳ ಮೊದಲ ಎರಡು ತಿಂಗಳು ಚೆನ್ನಾಗಿ ಕಳೆದರೆ ಮುಂದಿನ ವರ್ಷವೇ ಬಲೆ ತುಂಬಬಹುದು. ನಮ್ಮ ಕಡಲಿನಲ್ಲಿ ಬೇಸಗೆಯ ನೀರು ಬೆಚ್ಚಗಿರುತ್ತದೆ, ಮುಂಗಾರಿನಲ್ಲಿ ತಳದ ತಣ್ಣೀರು ಮೇಲೆ ಬಂದು ಆಹಾರ ಹೆಚ್ಚುತ್ತದೆ. ಯಾವ ತಿಂಗಳು ಹುಟ್ಟಿದ ಮರಿ ಎಷ್ಟು ದೊಡ್ಡದಾಗುತ್ತದೆ ಎನ್ನುವುದು ಇದನ್ನೆಲ್ಲ ಅವಲಂಬಿಸಿದೆ. ಜೂನ್ 1ರಿಂದ ಜುಲೈ 31ರವರೆಗಿನ 61 ದಿನಗಳ ಮೀನುಗಾರಿಕೆ ನಿಷೇಧ ಮುಂಗಾರಿನ ಮರಿಗಳಿಗೆ ಸ್ವಲ್ಪ ಬಿಡುವು ಕೊಡುತ್ತದೆ. ಮಳೆ ಮುಗಿದ ಮೇಲೆ ಹೊಂಬಾಳೆಯ ಮೇಲೆ ಬಿದ್ದ ಮೊಟ್ಟೆಗಳಿಗೆ ಅದು ತಲುಪುವುದಿಲ್ಲ.

ಸಿಗಡಿಯಂತೆ ಇವನ್ನೂ ಕೊಳದಲ್ಲಿ ಬೆಳೆಸಿ ಕೊರತೆ ತುಂಬಬಹುದಲ್ಲ ಎಂದು ಕೇಳುವವರಿದ್ದಾರೆ. ಪ್ರಯೋಗಾಲಯದಲ್ಲಿ ಸಾಧ್ಯವಾಗಿದ್ದರೂ ವಾಣಿಜ್ಯ ಸಾಕಣೆ ಬೆಳೆದಿಲ್ಲ. ಮೊದಲ ವಾರಗಳಿಗೆ ಬೇಕಾದ ಜೀವಂತ ಆಹಾರವನ್ನು ದಿನವೂ ದೊಡ್ಡ ಪ್ರಮಾಣದಲ್ಲಿ, ಕೈಗೆಟುಕುವ ಖರ್ಚಿನಲ್ಲಿ ಒದಗಿಸುವುದೇ ದೊಡ್ಡ ತೊಡಕು. ರೇಷ್ಮೆಯವರ ಮಾತಿನಲ್ಲಿ ಹೇಳುವುದಾದರೆ, ಹುಳು ಇದೆ, ಹುಳುಮನೆಯೂ ಇದೆ, ಎಳೆ ಸೊಪ್ಪಿನ ತೋಟ ಇಲ್ಲ.

ಸದ್ಯಕ್ಕೆ ಕೈಯಲ್ಲಿರುವ ಸುಲಭದ ಕೆಲಸ ಒಂದಿದೆ. 28 ಡಿಗ್ರಿಯ ನೀರಿನಲ್ಲಿ ಮೊಟ್ಟೆಗೆ ಬೇಕಾದದ್ದು ಎರಡೇ ವಾರ. ಹೊಂಬಾಳೆಗೆ, ಹಗ್ಗಕ್ಕೆ, ಬಲೆಗೆ ಅಂಟಿಕೊಂಡು ಮೇಲೆ ಬಂದ ಬಿಳಿ ಗೊಂಚಲನ್ನು ದಡಕ್ಕೆ ತಂದು ಒಣಗಿಸುವ ಬದಲು ಆಗಲೇ ನೀರಿಗೆ ಮರಳಿಸಿದರೆ, ಹೊಂಬಾಳೆ ಕಟ್ಟನ್ನು ಇನ್ನೆರಡು ವಾರ ಕಡಲಲ್ಲೇ ಬಿಟ್ಟರೆ, ಆ ಮರಿಗಳಿಗೆ ಬದುಕುವ ಒಂದು ಅವಕಾಶ ಸಿಗುತ್ತದೆ. ಮುಂದಿನ ವರ್ಷ ಇದೇ ನೀರಿನಲ್ಲಿ ಮೊಟ್ಟೆಯಿಡಲು ಬರಬೇಕಾದವು ಅವೇ.